ಅಮ್ಮನ ಸರದಿ

ಪತ್ರಿಕೆಯ ಕೊನೆಯ ಪುಟದ ಮೂಲೆಗೆ ದಿನವೂ ಐದು ಪ್ರಶ್ನೆ ಬರೆದುಕೊಡುವುದು ಅವನ ಹೊಟ್ಟೆಪಾಡು. ಯಾವ ರಾಜ ಯಾರ ಮೇಲೆ ದಂಡೆತ್ತಿ ಹೋದ, ಯಾವ ದೇವರಿಗೆ ಯಾವ ವಾಹನ, ಯಾವ ಪದ ಎಲ್ಲಿಂದ ಬಂತು, ಇಂಥವೇ. ಕಚೇರಿಯಲ್ಲಿ ಅವನನ್ನು ಬೃಹಸ್ಪತಿ ಎನ್ನುತ್ತಿದ್ದರು. ಅದರಲ್ಲಿ ಅರ್ಧ ಮೆಚ್ಚುಗೆ, ಅರ್ಧ ಕುಹಕ. ಅವನು ಮಾತ್ರ ಪೂರ್ತಿ ಮೆಚ್ಚುಗೆಯೆಂದೇ ತಿಳಿದಿದ್ದ. ಊರವರ ತಲೆ ತಿನ್ನುವ ಮುಂಚೆ ಮನೆಯವರ ತಲೆ ತಿನ್ನಬೇಕಲ್ಲ! ರಾತ್ರಿ ಊಟಕ್ಕೆ ಕೂತಾಗ ನಾಳಿನ ಪ್ರಶ್ನೆಗಳನ್ನು ಹೆಂಡತಿ, ಮಗಳ ಮುಂದಿಡುತ್ತಿದ್ದ. ಹೆಂಡತಿಗೆ ತಟ್ಟನೆ ಹೊಳೆದರೆ ಪ್ರಶ್ನೆ ತೀರಾ ಸುಲಭ, ಮಗಳಿಗೂ ಹೊಳೆಯದಿದ್ದರೆ ತೀರಾ ಕಷ್ಟ.

ಆ ಊಟಕ್ಕೊಂದು ಕಟ್ಟಳೆಯಿತ್ತು. ಸರದಿ ಬಂದವರು ಯೋಚಿಸುವಾಗ ಉಳಿದವರು ತುಟಿ ಬಿಚ್ಚುವಂತಿಲ್ಲ, ಕಣ್ಣಲ್ಲೂ ಸುಳಿವು ಕೊಡುವಂತಿಲ್ಲ. ಹೊಳೆಯದಿದ್ದರೆ ಪ್ರಶ್ನೆಯನ್ನು ಹಾಸಿಗೆಗೆ ಕೊಂಡೊಯ್ಯಬಹುದು. ಬೆಳಿಗ್ಗೆ ಕಾಫಿಯ ಹೊತ್ತಿಗೆ ಉತ್ತರ ಹೇಳಬೇಕು. ಅಲ್ಲಿಯತನಕ ಅವರನ್ನು ಯಾರೂ ಮಾತಾಡಿಸಕೂಡದು. ಈ ಕಟ್ಟಳೆಯನ್ನು ಮಾಡಿದವನು ಅವನೇ, ಹೆಚ್ಚು ಗೇಲಿ ಮಾಡುತ್ತಿದ್ದವಳು ಹೆಂಡತಿ. ನವಿಲೇರಿ ಬರುವವರು ಯಾರು ಎಂದು ಕೇಳಿದರೆ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದವಳಂತೆ ನಟಿಸಿ, ‘‘ನಿಮ್ಮಮ್ಮ’’ ಎಂದಿದ್ದಳು. ಬೇಕೆಂದೇ ತಪ್ಪು ಹೇಳಿ ಮನೆಯನ್ನು ನಗಿಸುವುದು ಅವಳಿಗೆ ಕರಗತವಾಗಿತ್ತು.

ಆವತ್ತು ಅವಳ ಸರದಿಗೆ ಅವನು ಸಲೀಸಾದ ಪ್ರಶ್ನೆಯನ್ನೇ ಆರಿಸಿದ್ದ. ಮೇಜು ಎಂಬ ಪದ ಯಾವ ಭಾಷೆಯಿಂದ ಬಂತು? ಇದು ಅವಳಿಗೆ ಅಂಗೈ ಮೇಲಿನ ನೆಲ್ಲಿ. ಮೇಜು ಒರೆಸುವಾಗಲೆಲ್ಲ ಪೋರ್ಚುಗೀಸರನ್ನು ಒರೆಸುತ್ತಿದ್ದೇನೆ ಎಂದು ನಗೆಯಾಡುತ್ತಿದ್ದವಳು. ಆದರೆ ಅಂದು ಅವಳು, ‘‘ಅದು... ನೀರು... ಕಿಟಕಿ...’’ ಎಂದಳು. ಮೊದಲು ನಕ್ಕವಳು ಮಗಳು, ಆಮೇಲೆ ಅವನು. ಅವಳು ಮತ್ತೆ ಬಾಯಿ ತೆರೆದಳು, ಏನೂ ಬರಲಿಲ್ಲ. ಇಬ್ಬರೂ ಕಟ್ಟಳೆಯಂತೆ ತಲೆ ತಗ್ಗಿಸಿ ಕಾದರು. ಕೊನೆಗೆ ಅವಳು ಎದ್ದು, ಗೋಡೆ ಹಿಡಿದುಕೊಂಡು ಕೋಣೆಗೆ ಹೋದಳು. ಮಹಾರಾಣಿಯವರು ಇವತ್ತು ಉತ್ತರವನ್ನು ದಿಂಬಿನ ಕೆಳಗಿಟ್ಟು ಮಲಗುತ್ತಾರೆ ಎಂದು ಅವನು ಹಿಂದಿನಿಂದ ಕಿಚಾಯಿಸಿದ. ಪಕ್ಕದಲ್ಲಿ ಮಲಗಿದಾಗಲೂ ಮಾತಾಡಿಸಲಿಲ್ಲ. ಕಟ್ಟಳೆ ಕಟ್ಟಳೆಯೇ ತಾನೆ, ಪುಣ್ಯಾತ್ಮನಿಗೆ! ಬೆಳಿಗ್ಗೆ ಕಾಫಿ ಹಿಡಿದು ಬಂದು ಉತ್ತರವೆಲ್ಲಿ ಎಂದು ಕೇಳಿದಾಗ ಅವಳ ಮುಖದ ಬಲಭಾಗ ಜೋತುಬಿದ್ದಿತ್ತು.

ಮಿದುಳಿನ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ ಎಂದರು ಆಸ್ಪತ್ರೆಯಲ್ಲಿ. ಡಾಕ್ಟರು ಅವನೊಬ್ಬನನ್ನೇ ಕರೆದು, ಸುರುವಾದ ಕೂಡಲೇ ಕರೆತಂದಿದ್ದರೆ ಕೊಡುವ ಮದ್ದಿತ್ತು, ಮಾತು ಬಹುಪಾಲು ಉಳಿಯುತ್ತಿತ್ತು ಎಂದರು. ಬೈಯಲಿಲ್ಲ, ಬೈದಿದ್ದರೆ ವಾಸಿಯಿತ್ತು. ಅಂದಿನಿಂದ ಆ ಮಾತು ಅವನ ಬಾಯಲ್ಲಿ ಬಿಸಿತುಪ್ಪವಾಯಿತು, ನುಂಗುವಂತಿಲ್ಲ, ಉಗುಳುವಂತಿಲ್ಲ. ಮಗಳಿಗೆ ತಿಳಿಯಕೂಡದು, ಅದೊಂದೇ ಅವನ ಹಟ. ಮೊದಲು ನಕ್ಕವಳು ತಾನು ಎಂಬುದನ್ನು ಅವಳು ಮರೆತಿರಲಿಲ್ಲ. ಬ್ಯಾಂಕಿನ ಕೆಲಸಕ್ಕೆ ರಜೆ ಹಾಕಿ, ಅನ್ನ ನೀರು ಸೇರದೆ, ತಾಯಿಯ ಮಂಚಕ್ಕೆ ಅಂಟಿಕೊಂಡು ಕೂತಿದ್ದಳು. ಇದೂ ತಿಳಿದರೆ ಅವಳು ಉಳಿಯುವುದಿಲ್ಲ ಎಂದು ಅವನಿಗೆ ಖಂಡಿತವಾಗಿ ಅನಿಸಿತ್ತು. ಮಿಂಚಿಹೋದ ಕಾರ್ಯಕ್ಕೆ ಚಿಂತಿಸಿ ಫಲವಿಲ್ಲ ಎನ್ನುತ್ತಾರೆ. ಹಾಗೆಂದವರು ಆಸ್ಪತ್ರೆಯ ಸ್ಟೂಲಿನ ಮೇಲೆ ಒಂದು ಮಧ್ಯಾಹ್ನ ಕೂತು ನೋಡಬೇಕು.

ಮಾತು ಕಲಿಸಲು ಬರುತ್ತಿದ್ದ ಹೆಂಗಸು ಚಿತ್ರದ ಕಾರ್ಡುಗಳನ್ನು ಕೊಟ್ಟಿದ್ದಳು. ಲೋಟ, ಬಾಚಣಿಗೆ, ಬೀಗ. ಅವನು ಒಂದೊಂದನ್ನೇ ಎತ್ತಿ ಹಿಡಿದು ಇದೇನು, ಇದೇನು ಎಂದು ಕೇಳಿದ. ಹೆಂಡತಿ ಕಣ್ಣೀರು ಸುರಿಸುತ್ತ ಗೋಡೆಯತ್ತ ಹೊರಳಿದಳು. ಆಕೆಗೆ ಎಲ್ಲವೂ ಅರ್ಥವಾಗುತ್ತದೆ, ಪರೀಕ್ಷೆ ಮಾಡಬೇಡಿ, ಸುಮ್ಮನೆ ಮಾತಾಡಿ ಎಂದು ಹೇಳಿ ಹೋದಳು ಆ ಹೆಂಗಸು. ಸುಮ್ಮನೆ ಮಾತಾಡುವುದು! ಇಷ್ಟು ವರ್ಷದ ಸಂಸಾರದಲ್ಲಿ ಅವನು ಅದೊಂದನ್ನೇ ಕಲಿತಿರಲಿಲ್ಲ. ಗ್ರೀಕರ ಮುಂಜಾವಿನ ದೇವತೆ ಉಷೆಯ ಕಥೆ ಹೇಳತೊಡಗಿದ. ತನ್ನ ಪ್ರಿಯನಿಗೆ ಸಾವು ಬಾರದಿರಲಿ ಎಂದು ಅವಳು ವರ ಬೇಡಿದಳು, ಮುಪ್ಪೂ ಬಾರದಿರಲಿ ಎನ್ನಲು ಮರೆತಳು. ಆ ಪ್ರಿಯ ಮುಪ್ಪಿನಲ್ಲಿ ಕುಗ್ಗಿ ಕುಗ್ಗಿ ಕೊನೆಗೆ ಉಳಿದದ್ದು ಬರೀ ದನಿ. ಅಷ್ಟು ಹೇಳುವಷ್ಟರಲ್ಲಿ ಇತ್ತ ತಿರುಗಿದ ಹೆಂಡತಿಯ ಮುಖ ಕಂಡು ನಾಲಿಗೆ ಕಚ್ಚಿಕೊಂಡ. ಅವನಿಗೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಮಗಳು ಕಾರ್ಡುಗಳನ್ನು ಜೋಡಿಸುತ್ತಿದ್ದಳು. ತಲೆಯೆತ್ತದೆ ಹೇಳಿದಳು. ‘‘ಅಪ್ಪ, ಆವತ್ತು ಅಮ್ಮ ನನ್ನನ್ನೇ ನೋಡ್ತಾ ಇದ್ಲು. ಸುಳಿವು ಕೇಳ್ತಾ ಇದಾಳೆ ಅಂದ್ಕೊಂಡು ನಾನು ತಟ್ಟೆ ನೋಡ್ದೆ.’’

ಇದು ಅವನಿಗೆ ಗೊತ್ತಿರಲಿಲ್ಲ. ತಾನೂ ತಟ್ಟೆಯನ್ನೇ ನೋಡುತ್ತಿದ್ದವನಲ್ಲವೆ?

‘‘ರಾತ್ರೀನೇ ಕರ್ಕೊಂಡು ಬಂದಿದ್ರೆ ಅಮ್ಮನಿಗೆ ಮಾತು ಉಳೀತಿತ್ತಾ?’’

‘‘ಗೊತ್ತಿಲ್ಲ’’ ಎಂದ.

ಮಗಳು ಹುಟ್ಟಿದಾಗಿನಿಂದ ಅವಳು ಕೇಳಿದ ಯಾವುದಕ್ಕೂ ಅವನು ಹೀಗೆ ಹೇಳಿದವನಲ್ಲ. ತಿಳಿಯದಿದ್ದರೆ ಊಟದ ನಡುವೆಯೇ ಎದ್ದು ಹೋಗಿ ಎಂಜಲು ಕೈಯಲ್ಲಿ ಪುಸ್ತಕ ತೆಗೆಯುತ್ತಿದ್ದ. ಈಗ ಎದುರಿನ ಕೋಣೆಯಲ್ಲೇ ಡಾಕ್ಟರು ಕೂತಿದ್ದರು, ಕೇಳಿಕೊಂಡು ಬರುತ್ತೇನೆ ಎಂದು ಅವನು ಸ್ಟೂಲಿನಿಂದ ಮೇಲೇಳಲಿಲ್ಲ. ಮಗಳು ಅವನ ಮುಖವನ್ನು ನೋಡಿದಳು, ಇನ್ನಷ್ಟು ಹೊತ್ತು ನೋಡಿದಳು. ‘‘ಸರಿ ಅಪ್ಪ’’ ಎಂದು ಕಾರ್ಡುಗಳನ್ನು ಮಂಚದ ಮೇಲಿಟ್ಟು ಹೊರಗೆ ಹೋದಳು.

ಹೆಂಡತಿ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಎಡಗೈಯನ್ನು ಬಾಗಿಲ ಕಡೆಗೆ ಚಾಚಿ ಬಾಯಿ ತೆರೆದಳು, ಮುಚ್ಚಿದಳು, ಮತ್ತೆ ತೆರೆದಳು. ಮಗಳನ್ನು ಕರೆಯಲು ಅವಳಿಗೆ ಮಾತಿರಲಿಲ್ಲ. ಆಮೇಲೆ ಅದೇ ಕೈಯಿಂದ ಗಂಡನ ಅಂಗಿಯ ತೋಳು ಹಿಡಿದು ಜಗ್ಗಿದಳು, ನೀವಾದರೂ ಕರೆಯಿರಿ ಎನ್ನುವಂತೆ. ಅವನು ಬಾಯಿ ತೆರೆದ. ಕರೆದು ಏನೆನ್ನಬೇಕು ಎಂಬುದು ಅವನಿಗೆ ನಿಜವಾಗಿಯೂ ಗೊತ್ತಿರಲಿಲ್ಲ.