ಚಿಕ್ಕವರಿಗೆ ತಕ್ಕುದಲ್ಲದ ಪುಸ್ತಕಗಳು

ದೊಡ್ಡದೊಂದು ಕೆರೆಯ ಸುತ್ತ ಹಕ್ಕಿಗಳ ಊರೊಂದಿತ್ತು. ಮಳೆಗಾಲ ಮುಗಿದು ಶರತ್ಕಾಲದ ಬಿಸಿಲು ಬಿದ್ದ ಕೂಡಲೇ ಆಚೆ ದಡದಿಂದ ಒಂದು ದೋಣಿ ಬರುತ್ತಿತ್ತು. ಅದರ ತುಂಬ ಹೊಸ ಕಾದಂಬರಿಗಳು, ಅದೂ ರೆಕ್ಕೆ ಬಲಿಯುತ್ತಿರುವ ಹರೆಯದವರಿಗೆಂದೇ ಬರೆದವು. ಊರಿನ ಎಳೆಯರು ಮಳೆಗಾಲವಿಡೀ ಕೊಂಬೆಗಳಲ್ಲಿ ಮುದುಡಿ ಕೂತು ಅದನ್ನೇ ಮಾತಾಡುತ್ತಿದ್ದರು: ಈ ಸಲ ಯಾವುದು ಬರುತ್ತದೆ, ಮೊದಲು ಯಾವುದನ್ನು ಓದುವುದು, ಓದಿದ ಮೇಲೆ ಯಾರಿಗೆ ಕೊಡುವುದು.

ಮಾತಾಡಿದ್ದೇ ಬಂತು. ದೋಣಿ ದಡ ಮುಟ್ಟಿದರೆ ಪುಸ್ತಕಗಳು ಮೊದಲು ಹೋಗುತ್ತಿದ್ದುದು ಹಿರಿಯರ ಮಂಡಳಿಗೆ. ಅವರು ತಕ್ಕುದು ಎಂದದ್ದು ಎಳೆಯರಿಗೆ. ತಕ್ಕುದಲ್ಲ ಎಂದದ್ದು ಮಂಡಳಿಯ ಪೆಟ್ಟಿಗೆಗೆ. ಹಾಗಾಗಿ ಎಳೆಯರ ಪಾಲಿಗೆ ಬರುತ್ತಿದ್ದವು ಬೇಗ ಏಳಬೇಕು, ಗೂಡು ಗುಡಿಸಬೇಕು ಎನ್ನುವಂಥವೇ. ಅವನ್ನು ಓದಿ ಯಾರೂ ಕೆಟ್ಟದ್ದಿಲ್ಲ, ನಿಜ. ಯಾರೂ ಪೂರ್ತಿ ಓದಿದ್ದೂ ಇಲ್ಲ.

ಮಂಡಳಿಯ ಯಜಮಾನಿ ಕೊಕ್ಕರಜ್ಜಿ. ಅವಳ ಗಂಭೀರ ನಡಿಗೆ ಕಂಡರೆ ಊರೇ ತಲೆ ತಗ್ಗಿಸುತ್ತಿತ್ತು. ಆದರೆ ಒಳಗುಟ್ಟು ಬೇರೆ ಇತ್ತು. ಎರಡು ವರ್ಷದ ಹಿಂದೆ ಒಂದು ಕಾದಂಬರಿಯನ್ನು ಪರಿಶೀಲಿಸಲು ಕೂತವಳು ಊಟ ಮರೆತು ಓದಿದ್ದಳು. ಮನೆ ಬಿಟ್ಟು ವಲಸೆ ಹಕ್ಕಿಗಳ ಹಿಂದೆ ಹೋದ ಬಾತುಹುಡುಗಿಯ ಕಥೆ ಅದು. ಎಳೆಯರಿಗೆ ಕೊಟ್ಟುಬಿಟ್ಟರೆ ಮತ್ತೆ ತನಗೆ ಸಿಗದು. ಹಿರಿಯರು ಹರೆಯದವರ ಪುಸ್ತಕ ಹಿಡಿದು ಕೂತರೆ ಆ ಊರಲ್ಲಿ ನಗೆಪಾಟಲು. ಅದಕ್ಕೇ "ತಕ್ಕುದಲ್ಲ" ಎಂದು ಸಾರಿ ಪೆಟ್ಟಿಗೆಗೆ ಹಾಕಿಸಿ, ಬೇಕೆನಿಸಿದಾಗಲೆಲ್ಲ ತೆಗೆದು ಓದಿಕೊಂಡಳು. ಮರುವರ್ಷ ಬಂದ ಎರಡನೆಯ ಭಾಗಕ್ಕೂ ಅದೇ ಗತಿ. ಅದು ಮುಗಿಯುವಾಗ ಬಾತುಹುಡುಗಿ ಬೇಟೆಗಾರನ ಬಲೆಯಲ್ಲಿದ್ದಳು. ಅಯ್ಯೋ, ಒಂದಿಡೀ ವರ್ಷ ಕೊಕ್ಕರಜ್ಜಿಗೆ ಮೀನೇ ರುಚಿಸಲಿಲ್ಲ.

ಈ ಶರತ್ಕಾಲದ ದೋಣಿಯಲ್ಲಿ ಮೂರನೆಯ ಭಾಗ ಬಂತು. ಒಂದೇ ಪ್ರತಿ. ಅಜ್ಜಿ ಅದನ್ನು ರೆಕ್ಕೆಯಡಿ ಸೇರಿಸಿಕೊಂಡು ಮನೆಗೆ ನಡೆದಳು. ಅರ್ಧ ಓದಿರಲಿಲ್ಲ, ಸಭೆಗೆ ಕರೆ ಬಂತು. ಕರೆಸಿದವಳು ಮಿಂಚುಳ್ಳಿ, ಹರೆಯದವರಲ್ಲೆಲ್ಲ ಬಾಯಿ ಜೋರಿನ ಹುಡುಗಿ.

"ಕೊಕ್ಕರಜ್ಜಿ, ಬೇಡ ಅನ್ನುವುದಾದರೆ ಅನ್ನಿ. ಆದರೆ ಯಾವ ಪುಟದಲ್ಲಿ ಏನು ಕೆಟ್ಟದ್ದಿದೆ ಅಂತ ಎಲ್ಲರೆದುರು ಹೇಳಿ."

"ಹೇಳೋಣವಂತೆ. ಇನ್ನೂ ಪರಿಶೀಲನೆ ನಡೀತಿದೆ."

"ಹಾಗಾದರೆ ಮೊದಲೆರಡು ಭಾಗದ್ದು ಹೇಳಿ."

ಕೆಟ್ಟದ್ದು ಎನ್ನಲು ಅವುಗಳಲ್ಲಿ ಒಂದು ಸಾಲೂ ಇರಲಿಲ್ಲ. ಸುಳ್ಳು ಹೇಳಿದರೆ ಆ ಬಾತುಹುಡುಗಿಗೇ ಮಸಿ ಬಳಿದಂತೆ. ನಿಜ ಹೇಳಿದರೆ ಇಷ್ಟು ವರ್ಷ ಕಾಪಾಡಿಕೊಂಡ ಮಾನ ನೀರುಪಾಲು. ಅಜ್ಜಿ ಕಾಲು ಬದಲಿಸಿ ನಿಂತಳು. ಅಷ್ಟರಲ್ಲಿ ಮಂಡಳಿಯ ಸದಸ್ಯ ಗೂಬೆರಾಯ ತಡೆಯಲಾರದೆ ಕೇಳಿಯೇಬಿಟ್ಟ.

"ಅದೆಲ್ಲ ಇರಲಿ ಕೊಕ್ಕರಮ್ಮಾ, ಆ ಹುಡುಗಿ ಬಲೆಯಿಂದ ಹೊರಗೆ ಬಂದಳೋ ಇಲ್ಲವೋ?"

ಮಂಡಳಿಯ ಉಳಿದವರೂ ಉತ್ತರಕ್ಕಾಗಿ ಕತ್ತು ಚಾಚಿದ್ದರು. ಎಲ್ಲರೂ ಕದ್ದುಮುಚ್ಚಿ ಆ ಪೆಟ್ಟಿಗೆಗೆ ಕೊಕ್ಕು ಹಾಕಿದವರೇ ಎಂದು ಊರಿಗೆ ಆಗ ತಿಳಿಯಿತು.

"ಬಂದಳು ಕಣ್ರೀ!" ಅಜ್ಜಿ ಕೂಗಿಯೇಬಿಟ್ಟಳು. "ಬಲೆ ಹರಿದುಕೊಂಡು ಬಂದಳು! ಮುಂದಿನದು ಓದೋಕೆ ಇವರು ಬಿಡಬೇಕಲ್ಲ! ತಪ್ಪಾಯ್ತು ಮಕ್ಕಳೇ. ಕೆಟ್ಟದ್ದು ಏನೂ ಇಲ್ಲ. ನನಗೆ ಓದಬೇಕಿತ್ತು, ಅಷ್ಟೇ."

"ಅಯ್ಯೋ ಅಜ್ಜೀ, ಯಾಕೆ ಹೇಳಿಬಿಟ್ಟಿರಿ! ನಾವಿನ್ನೂ ಓದಿಲ್ಲ!" ಎಂದು ಎಳೆಯರು ಬೊಬ್ಬೆ ಹಾಕಿದರು. ಆಮೇಲೆ ಇಡೀ ಸಭೆ ಹೋ ಎಂದು ನಕ್ಕಿತು.

ನಾಚಿಕೆಯಿಂದ ಸತ್ತೇಹೋಗುತ್ತೇನೆ ಎಂದುಕೊಂಡಿದ್ದ ಕೊಕ್ಕರಜ್ಜಿಗೆ ಎದೆಯ ಮೇಲಿನ ಬಂಡೆ ಇಳಿದಂತಾಯಿತು. ಅವಳೂ ನಕ್ಕಳು. ಪೆಟ್ಟಿಗೆಯ ಬೀಗದಕೈ ಎಳೆಯರಿಗೆ ಹೋಯಿತು, ದೋಣಿಯ ಪುಸ್ತಕಗಳನ್ನು ಮೊದಲು ನೋಡುವ ಹಕ್ಕೂ. ಅರ್ಧ ಓದಿದ್ದನ್ನು ಕಿತ್ತುಕೊಳ್ಳುವುದು ಪಾಪ ಎಂದು ಅವರು ಮೂರನೆಯ ಭಾಗವನ್ನು ಮಾತ್ರ ಅವಳಿಗೇ ಬಿಟ್ಟುಕೊಟ್ಟರು. ಅಜ್ಜಿ ಹಾಡಹಗಲೇ ಕೆರೆಯ ಏರಿಯ ಮೇಲೆ ಕೂತು ಓದಿ ಮುಗಿಸಿದಳು. ಅಳಬೇಕಾದಲ್ಲಿ ಜೋರಾಗಿಯೇ ಅತ್ತಳು.

ಮುಂದಿನ ಶರತ್ಕಾಲ ಬಂತು. ದೋಣಿ ಬಂದುಹೋದ ಕೆಲವು ದಿನಗಳ ಮೇಲೆ ಹಿರಿಯರು ಪೆಟ್ಟಿಗೆಯ ಮುಂದೆ ಸಾಲಾಗಿ ನಿಂತರು. ಮಿಂಚುಳ್ಳಿ ಕೊಕ್ಕರಜ್ಜಿಗೆ ತೆಳ್ಳನೆಯದೊಂದು ಪುಸ್ತಕ ಕೊಟ್ಟಳು. ವಯಸ್ಸಾದವರು ಮಿತವಾಗಿ ತಿಂದು ಬೇಗ ಮಲಗಬೇಕು ಎಂದು ಅದರಲ್ಲಿತ್ತು.

"ಅದು ಯಾವುದೇ, ಮಗಳೇ?" ಅಜ್ಜಿ ಅವಳ ಬೆನ್ನ ಹಿಂದೆ ಅಡಗಿದ್ದ ದಪ್ಪ ಕಾದಂಬರಿಯ ಕಡೆ ಕೊಕ್ಕು ತೋರಿಸಿದಳು.

"ಅದರಲ್ಲಿ ವಿರಹ ಇದೆ, ಸಾವು ಇದೆ. ನಿಮ್ಮ ವಯಸ್ಸಿಗೆ ಒಳ್ಳೆಯದಲ್ಲ ಅಜ್ಜಿ, ಎದೆ ತಡೆಯುವುದಿಲ್ಲ." ಹೇಳುವಾಗ ಮಿಂಚುಳ್ಳಿಯ ಕಣ್ಣು ಅತ್ತು ಅತ್ತು ಊದಿಕೊಂಡಿತ್ತು.

"ಇದೇನು ಅನ್ಯಾಯ!" ಎಂದು ಗೂಬೆರಾಯ ಸಿಡುಕಿದ. ಕೊಕ್ಕರಜ್ಜಿ ಅವನನ್ನು ಪಕ್ಕಕ್ಕೆ ಎಳೆದುಕೊಂಡು ಹೋದಳು. ಅವಳ ಮುಖ ಅರಳಿತ್ತು.

"ಸುಮ್ಮನಿರಿ ರಾಯರೇ. ಈ ವರ್ಷದ್ದು ಹೇಗಿರುತ್ತೋ ಏನೋ ಅಂತ ಮಳೆಗಾಲವೆಲ್ಲ ಹೆದರಿಕೊಂಡಿದ್ದೆ. ಸದ್ಯ, ಚೆನ್ನಾಗಿದೆ."