ಉಣ್ಣೆ ಹೊದ್ದ ಕೇಬಲ್

ಗುಂಡಿ ಒತ್ತಿದರೆ ಮೋಟರು ಒಮ್ಮೆ ಹೂಂಕರಿಸುವುದು, ಅಷ್ಟರಲ್ಲಿ ಗೋಡೆಯ ಬ್ರೇಕರು ಟಕ್ಕೆಂದು ಬೀಳುವುದು. ಕುರಿಗಾರರ ಬೆಟ್ಟಸೀಮೆಯಾದ ಅಟ್-ಬಾಶಿ ಕಡೆಯ ಹಳ್ಳಿಗಳಲ್ಲಿ ತ್ರೀ ಫೇಸ್ ಯಂತ್ರ ತಂದುಕೊಂಡವರಿಗೆಲ್ಲ ಈ ತಲೆನೋವು ಗೊತ್ತು. ಮುದುಕ ಶಾರ್ಶೆನ್‌ಗೆ ಅದು ಬರೀ ತಲೆನೋವಾಗಿರಲಿಲ್ಲ.

ಅವನದು ಉಣ್ಣೆ ಹಿಂಜುವ ಯಂತ್ರ. ಅವನ ಹೆಂಡತಿ ಕಲಿಪಾ ಇಪ್ಪತ್ತೆರಡು ವರ್ಷ ಕಾರ್ಖಾನೆಯಲ್ಲಿ ಅದರ ಮುಂದೆಯೇ ನಿಂತು ದುಡಿದಿದ್ದಳು. ಕಾರ್ಖಾನೆ ಮುಚ್ಚಿತು. ಹೋದ ವರ್ಷ ಮೊದಲ ಹಿಮ ಬೀಳುವ ಮುಂಚೆ ಕಲಿಪಾಳೂ ಹೋದಳು. ಗುಜರಿಗೆ ಹೊರಟಿದ್ದ ಯಂತ್ರವನ್ನು ಶಾರ್ಶೆನ್ ಬೇಡಿ ತಂದು ಕುರಿದೊಡ್ಡಿಯಲ್ಲಿ ನಿಲ್ಲಿಸಿದ. ಅದರ ಗುಂಯ್ ಎನ್ನುವ ಸದ್ದು ಮತ್ತೆ ಕಿವಿಗೆ ಬೀಳಬೇಕು, ಅಷ್ಟೇ ಅವನ ಆಸೆ. ಕಲಿಪಾ ಕೈಯಾರೆ ತೊಳೆದಿಟ್ಟ ನಾಲ್ಕು ಚೀಲ ಉಣ್ಣೆಯೂ ಅಲ್ಲೇ ಇತ್ತು. ಮಗಳು ಬೆರ್ಮೆಟ್‌ಳ ಮದುವೆಗೆ ಶಿರ್ದಾಕ್ ಹಾಸು ಮಾಡಬೇಕೆಂದು ಇಟ್ಟದ್ದು. ಹಿಂಜುವ ಮೊದಲೇ ಕಲಿಪಾ ಇಲ್ಲವಾದಳು.

ಬ್ರೇಕರು ಬಿದ್ದು ಬಿದ್ದು ಬೇಸತ್ತ ಶಾರ್ಶೆನ್ ಹದಿನಾರು ಆಂಪಿನದನ್ನು ಕಿತ್ತು, ಅರವತ್ತಮೂರರದನ್ನು ಹಾಕಿಸಿದ. ಮಾರನೆಯ ಬೆಳಿಗ್ಗೆ ಗುಂಡಿ ಒತ್ತಿದ. ಯಂತ್ರ ತಿಣುಕಿತು, ತಿಣುಕಿತು, ಕೊನೆಗೆ ಓಡಿತು. ಅವನು ಚೀಲಕ್ಕೆ ಒರಗಿ ಕಣ್ಣು ಮುಚ್ಚಿ ಕೂತ. ಬಹಳ ಹೊತ್ತು ಹಾಗೇ ಕೂತಿದ್ದ.

ದಾರಿಯಲ್ಲಿ ಹೋಗುತ್ತಿದ್ದ ರಾಯ್ಕಾನ್ ಒಳಗೆ ಬಂದಳು. ಅದೇ ಕಾರ್ಖಾನೆಯಲ್ಲಿ ಕರೆಂಟಿನ ಕೆಲಸ ಮಾಡಿದವಳು, ಕಲಿಪಾಳ ಜೀವದ ಗೆಳತಿ, ಮುದುಕನನ್ನು ಬಾಯ್ಕೆ, ಅಂದರೆ ಅಣ್ಣ, ಎಂದೇ ಕರೆಯುವವಳು.

"ಬಾ ತಂಗಿ, ಕೇಳು! ಅದೇ ಸದ್ದು!"

"ಕೇಳಿಸ್ತು ಬಾಯ್ಕೆ. ಅದಕ್ಕೇ ಒಳಗೆ ಬಂದೆ," ಎನ್ನುತ್ತಾ ರಾಯ್ಕಾನ್ ಮೂಗು ಅರಳಿಸಿದಳು. "ಏನಿದು ಸುಟ್ಟ ಉಣ್ಣೆ ವಾಸನೆ, ಕುರಿತಲೆ ಸುಡ್ತಿದೀರಾ?"

"ಈ ಹೊತ್ನಲ್ಲಿ ಯಾವ ಕುರಿತಲೆ?"

ಅವಳು ಓಡಿಹೋಗಿ ಬ್ರೇಕರು ಇಳಿಸಿದಳು. ಸದ್ದು ಸತ್ತಿತು.

"ಯಾಕಮ್ಮಾ ಆರಿಸ್ದೆ?" ಮುದುಕ ಚೀಲ ಬಿಟ್ಟು ಎದ್ದ.

ರಾಯ್ಕಾನ್ ಗೋಡೆಯ ಮೊಳೆಯತ್ತ ಕೈ ತೋರಿಸಿದಳು. ಮತ್ತೆ ಬೇಕಾದೀತೆಂದು ಉಣ್ಣೆಗುಡಾರದ ಹಗ್ಗಕ್ಕೆ ಎಂದೂ ಕತ್ತಿ ಹಾಕದ ಕುರಿಗಾರ ಶಾರ್ಶೆನ್. ಕಂಬದಿಂದ ಎಳೆದು ಮಿಕ್ಕ ಕೇಬಲನ್ನೂ ಕತ್ತರಿಸದೆ ಹಗ್ಗದಂತೆ ಸುತ್ತಿ ಆ ಮೊಳೆಗೆ ನೇತುಹಾಕಿದ್ದ. ಹಿಮಕ್ಕೆ ಬಿರಿಯದಿರಲೆಂದು ಮೇಲೆ ಹಳೆಯ ಉಣ್ಣೆಹಾಸು ಬಿಗಿದಿದ್ದ. ಅದರ ಕೆಳಗೇ ಕಲಿಪಾಳ ಚೀಲಗಳು.

"ನೀರಿನ ಪೈಪಿಗೆ ಹೊದಿಸಲ್ವಾ? ಹಂಗೇ ಇದಕ್ಕೂ ಹೊದಿಸ್ದೆ."

"ಪೈಪಲ್ಲಿರೋದು ತಣ್ಣೀರು ಬಾಯ್ಕೆ. ಇದು ತಾನಾಗೇ ಬಿಸಿಯಾಗೋದು. ಜ್ವರ ಬಂದಿರೋ ಕುರೀಗೆ ಕೋಟು ತೊಡಿಸಿದ್ದೀರಲ್ಲ!"

ಹಾಸು ಬಿಚ್ಚಿದರು. ಒಳಮೈ ಕಂದಾಗಿತ್ತು. ಕೇಬಲಿನ ಸಿಪ್ಪೆ ನಾದಿದ ಹಿಟ್ಟಿನಷ್ಟು ಮೆತ್ತಗಾಗಿತ್ತು.

"ಆದ್ರೆ ಬ್ರೇಕರು ಬೀಳ್ಲೇ ಇಲ್ವಲ್ಲೇ?"

"ಬೊಗಳೋ ನಾಯಿ ಕಾಟ ಅಂತ ಕಿವುಡು ನಾಯಿ ತಂದು ಕಟ್ಟಿದ್ದೀರಿ, ಎಲ್ಲಿಂದ ಬೊಗಳುತ್ತೆ? ಬ್ರೇಕರು ಇರೋದೇ ಕೇಬಲ್ ಕಾಯೋಕೆ. ಕೇಬಲ್ ತಡೆಯೋದಕ್ಕಿಂತ ದೊಡ್ಡ ಬ್ರೇಕರು ಹಾಕಿದ್ರೆ, ಮೊದ್ಲು ಕೇಬಲ್ ಉರಿಯುತ್ತೆ."

ಅವಳು ಸೆರಗಿನಂತೆ ಇಳಿದಿದ್ದ ತಲೆವಸ್ತ್ರದ ತುದಿಯಿಂದ ಮೋಟರಿನ ತಗಡು ಒರೆಸಿ ಓದಿದಳು. "ಏಳೂವರೆ ಕಿಲೋವ್ಯಾಟು, ಹದಿನೈದು ಆಂಪು. ಓಡುವಾಗ ಇಷ್ಟು. ಹೊರಡುವಾಗ ಸ್ವಲ್ಪ ಹೊತ್ತು ಇದರ ಆರೇಳು ಪಟ್ಟು ಎಳೆಯುತ್ತೆ. ನಿಮ್ಮ ಹಳೇದು ಮನೆ ದೀಪದ ಬ್ರೇಕರು, ತಡಕೊಳ್ಲಿಲ್ಲ. ಮೋಟರಿಗೆ ಅಂತಲೇ ಡಿ ಮಾದರಿ ಬರುತ್ತೆ, ಇಪ್ಪತ್ತೈದರದು ಸಾಕು. ಈ ಕೇಬಲ್ ಎರಡೂವರೆ ಎಂಎಂ ಅಲ್ಯುಮಿನಿಯಂ. ಗಾಳೀಲಿ ಇದ್ರೆ ಹತ್ತೊಂಬತ್ತು ಆಂಪು ಹೊರುತ್ತೇನೋ. ಸುತ್ತಿ ಹೊದಿಸಿದ್ರೆ ಅರ್ಧವೂ ಇಲ್ಲ. ಕಂಬದಿಂದ ಇಲ್ಲಿಗೆ ಎಷ್ಟು ದೂರ?"

"ಅರವತ್ತು ಮೀಟರು."

"ಅಷ್ಟು ದೂರಕ್ಕೆ ಸಣ್ಣ ತಂತೀಲಿ ವೋಲ್ಟೇಜೂ ಇಳಿದುಹೋಗುತ್ತೆ. ಅದಕ್ಕೇ ಮೋಟರು ತಿಣುಕಿದ್ದು. ಆರು ಎಂಎಂ ತಾಮ್ರ ಹಾಕೋಣ. ಮೋಟರು ಜಾಸ್ತಿ ಎಳೆದ್ರೆ ತಾನೇ ಆರಿಸೋ, ಹದಿನೈದಕ್ಕೆ ತಿರುಗಿಸಿಟ್ಟ ಓವರ್‌ಲೋಡ್ ರಿಲೇ, ಜೊತೆಗೆ ಅರ್ಥ್ ತಂತಿ. ನಾರಿನ್‌ ಪೇಟೆಯಿಂದ ತರಿಸ್ಬೇಕು. ಹತ್ತು ದಿನ."

"ಹತ್ತು ದಿನಾನಾ?" ಶಾರ್ಶೆನ್ ಯಂತ್ರದ ಮೇಲೆ ಕೈಯಿಟ್ಟ. ಅದಿನ್ನೂ ಬೆಚ್ಚಗಿತ್ತು. "ಒಂದೇ ಒಂದು ನಿಮಿಷ ಹಾಕು ತಾಯಿ. ಆಮೇಲೆ ಕೇಳಲ್ಲ."

ರಾಯ್ಕಾನ್ ಅವನ ಪಕ್ಕಕ್ಕೆ ಬಂದು ನಿಂತಳು. "ಆ ಸದ್ದು ನಂಗೂ ಬೇಕು ಬಾಯ್ಕೆ. ಅದರ ಮೇಲೇ ಕೂಗಿಕೂಗಿ ಮಾತಾಡ್ತಿದ್ಲು ಅವಳು. ಆದ್ರೆ ಈ ಉಣ್ಣೆ ಸುಟ್ಟುಹೋದ್ರೆ, ಅವಳು ಕೈಯಾರೆ ತೊಳೆದಿದ್ದು ಇನ್ನೆಲ್ಲಿಂದ ತರ್ತೀರಿ?"

ಶಾರ್ಶೆನ್ ಮೇಲಿನ ಚೀಲ ಬಿಚ್ಚಿ ನೋಡಿದ. ಒಂದು ಹಿಡಿ ಉಣ್ಣೆ ಕಂದಾಗಿತ್ತು. ನಾಲ್ಕೂ ಚೀಲಗಳನ್ನು ಒಂದೊಂದಾಗಿ ತಾನೇ ಹೊತ್ತು ಮನೆಯೊಳಗೆ ಇಟ್ಟ. ಅರವತ್ತಮೂರರ ಬ್ರೇಕರನ್ನು ಕಿತ್ತುಹಾಕು ಎಂದು ರಾಯ್ಕಾನ್‌ಗೆ ಅವನೇ ಹೇಳಿದ.

ಹನ್ನೊಂದನೆಯ ದಿನ ರಾಯ್ಕಾನ್ ಹೊಸದನ್ನೆಲ್ಲ ಜೋಡಿಸಿದಳು, ಯಂತ್ರ ತಿಣುಕದೆ ಹೊರಟಿತು. ಬೆರ್ಮೆಟ್ ತಾಯಿಯ ಉಣ್ಣೆಯನ್ನು ಹಿಡಿಹಿಡಿಯಾಗಿ ಯಂತ್ರದ ಹಲ್ಲುಗಳಿಗೆ ಕೊಟ್ಟಳು. ಅದು ಈಚೆ ಕಡೆ ಮೋಡದಂತೆ ಹಗುರಾಗಿ ಬಂತು. ಗಂಟೆಗೊಮ್ಮೆ ಶಾರ್ಶೆನ್ ಹೊಸ ಕೇಬಲಿನ ಸಿಪ್ಪೆ ಮುಟ್ಟಿ ನೋಡಿದ, ಬಿಸಿಯಿರಲಿಲ್ಲ. ಸದ್ದು ಅದೇ. ಕಲಿಪಾ ಮಾತ್ರ ಅದರಾಚೆಯಿಂದ ಕೂಗಲಿಲ್ಲ. ಅವನು ಆದರೂ ಸಂಜೆಯವರೆಗೆ ಕೂತು ಕೇಳಿದ.

ಕೇಳುತ್ತಿರುವ ಅಣ್ಣಂದಿರೇ, ಅಕ್ಕಂದಿರೇ, ನಿಮ್ಮ ಮನೆಯ ಹಿಟ್ಟಿನ ಗಿರಣಿಯೋ ಗರಗಸವೋ ಹೊರಡಲಿಲ್ಲವೆಂದು ದೊಡ್ಡ ಬ್ರೇಕರು ಹುಡುಕಬೇಡಿ. ಮೊದಲು ಮೋಟರಿನ ತಗಡು ಓದಿ, ಕಂಬದಿಂದ ಯಂತ್ರಕ್ಕಿರುವ ದೂರ ಅಳೆಯಿರಿ. ಅದಕ್ಕೆ ತಕ್ಕ ಕೇಬಲ್ ಆರಿಸಿ, ಬ್ರೇಕರು ಯಂತ್ರದ ಆಂಪಿಗಿಂತ ಮೇಲೆ, ಕೇಬಲಿನ ಆಂಪಿಗಿಂತ ಕೆಳಗೆ ಇರಲಿ. ಕೇಬಲನ್ನು ಸುತ್ತಿಡಬೇಡಿ, ಹೊದಿಸಬೇಡಿ. ಕೆಲಸ ಬಲ್ಲವರಿಂದಲೇ ಹಾಕಿಸಿ. ಹತ್ತು ದಿನ ಕಾಯುವುದು ಕಷ್ಟವೇ. ಆದರೂ ದಯವಿಟ್ಟು ಕಾಯಿರಿ.