ನಗಾರಿ ಬಾಯಿ ಮುಚ್ಚಿ ಕೂತ ದಿನ

ಶಾಸನಸಭೆಯಲ್ಲಿ ಎಲ್ಲರೂ ಅವರನ್ನು ನಗಾರಿ ಎಂದೇ ಕರೆಯುತ್ತಿದ್ದರು. ಮಂತ್ರಿಗಳು ಬಾಯಿ ತೆರೆದರೆ ಸಾಕು, ವಿರೋಧ ಪಕ್ಷದ ಮೊದಲ ಸಾಲಿನಿಂದ ಅವರ ಗಂಟಲು ಮೊಳಗುತ್ತಿತ್ತು. ಹಿಂದೆಯೇ ಉಳಿದವರೆಲ್ಲ ಸಭಾಧ್ಯಕ್ಷರ ಪೀಠದ ಮುಂದೆ ನುಗ್ಗುತ್ತಿದ್ದರು. ಆಮೇಲೆ ಗದ್ದಲ, ಕಲಾಪ ಮುಂದಕ್ಕೆ, ಮರುದಿನ ಪತ್ರಿಕೆಯಲ್ಲಿ ಫೋಟೊ. ಕೇಳಿದ ಪ್ರಶ್ನೆ ಮಾತ್ರ ಅಲ್ಲೇ ಮಣ್ಣುಪಾಲು.

ಮೊದಲ ಸಲ ಗೆದ್ದು ಬಂದಿದ್ದ ಶಾಸಕಿಗೆ ಈ ನಗಾರಿ ಸ್ವಂತ ಚಿಕ್ಕಪ್ಪ. ಅವಳ ಊರಿನ ಸರ್ಕಾರಿ ಆಸ್ಪತ್ರೆಗೆ ಲಿಫ್ಟ್ ಹಾಕಿಸಿದ್ದೇವೆಂದು ಆರೋಗ್ಯ ಮಂತ್ರಿಗಳು ಹೋದಲ್ಲಿ ಬಂದಲ್ಲಿ ಹೇಳಿಕೊಳ್ಳುತ್ತಿದ್ದರು. ಆಸ್ಪತ್ರೆಯಲ್ಲಿ ನೋಡಿದರೆ, ಆಪರೇಷನ್ ಆದವರನ್ನು ಇನ್ನೂ ಕುರ್ಚಿಯಲ್ಲಿ ಕೂರಿಸಿ ಮೆಟ್ಟಿಲ ಮೇಲೆ ಹೊತ್ತು ಇಳಿಸುತ್ತಿದ್ದರು. ಹೋದ ವಾರ ಕುರ್ಚಿ ಕೈಜಾರಿ ಹಸಿ ಬಾಣಂತಿಯೊಬ್ಬಳ ಹೊಲಿಗೆ ಬಿಚ್ಚಿತ್ತು. ಅದನ್ನು ನೆನೆದರೆ ಶಾಸಕಿಗೆ ಮೈ ಉರಿಯುತ್ತಿತ್ತು. ಇವತ್ತು ಅಧಿವೇಶನದ ಕೊನೆಯ ದಿನ. ಲಿಫ್ಟ್ ಬಗ್ಗೆ ಅವಳು ಕೇಳಿದ್ದ ಪ್ರಶ್ನೆಗೆ ಉತ್ತರ ಬರದಿದ್ದರೆ ಮುಂದಿನ ಅಧಿವೇಶನದವರೆಗೆ ರೋಗಿಗಳಿಗೆ ಕುರ್ಚಿಯೇ ಗತಿ.

"ಚಿಕ್ಕಪ್ಪ, ಇವತ್ತು ನೀವ್ಯಾರೂ ಕೂಗ್ಬಾರ್ದು," ಎಂದು ಬೆಳಗ್ಗೆ ಪಕ್ಷದ ಕೋಣೆಯಲ್ಲೇ ಹೇಳಿದ್ದಳು.

"ಕೂಗದೆ ಹೋದ್ರೆ ನಾವು ವಿರೋಧ ಪಕ್ಷ ಅಂತ ಹೇಗಮ್ಮಾ ಗೊತ್ತಾಗುತ್ತೆ?"

"ನೀವು ಕೂಗಿದ್ರೆ ಮಂತ್ರಿಗಳು ಬಚಾವ್. ಅದನ್ನ ನಂಬ್ಕೊಂಡೇ ಅವರು ಬರೋದು."

ನಗಾರಿ ಮುಖ ಊದಿಸಿಕೊಂಡರು. ಅವಳು ಕಾಡಿ ಬೇಡಿ ಅವರ ಪಕ್ಕದ ಸೀಟು ಗಿಟ್ಟಿಸಿಕೊಂಡು, ಅವರ ಬಾಯಿಗೊಂದು ದಪ್ಪ ಪೆಪ್ಪರ್‌ಮಿಂಟ್ ಹಾಕಿ ಕೂತಳು.

ಮಂತ್ರಿಗಳು ಎದ್ದು, "ಲಿಫ್ಟ್ ಕಾಮಗಾರಿ ಪೂರ್ಣಗೊಂಡಿದೆ," ಎಂದು ಓದಿ, ತಲೆಯೆತ್ತಿ ಗದ್ದಲಕ್ಕಾಗಿ ಕಾದರು. ಸದನ ತೆಪ್ಪಗಿತ್ತು. ಸಭಾಧ್ಯಕ್ಷರು ಅಭ್ಯಾಸಬಲದಿಂದ, "ಕೂತ್ಕೊಳ್ಳಿ, ಎಲ್ಲ ಕೂತ್ಕೊಳ್ಳಿ," ಎಂದವರು, ಎಲ್ಲರೂ ಕೂತೇ ಇರುವುದನ್ನು ಕಂಡು ಪೆಚ್ಚಾದರು.

ಶಾಸಕಿ ಎದ್ದಳು. "ಆ ಲಿಫ್ಟ್ ಯಾವ ಮಹಡಿವರೆಗೆ ಹೋಗುತ್ತೆ, ಮಂತ್ರಿಗಳೇ?"

ಮಂತ್ರಿಗಳು ಅಧಿಕಾರಿಗಳ ಕಡೆ ತಿರುಗಿದರು. ಅಧಿಕಾರಿಗಳು ಫ್ಯಾನ್ ನೋಡುತ್ತಿದ್ದರು. ಬೇರೆ ದಾರಿ ಕಾಣದೆ ಮಂತ್ರಿಗಳು ನಗಾರಿಯನ್ನೇ ಕೆಣಕಿದರು. "ಗಂಟಲು ಬಿಟ್ರೆ ಬೇರೇನೂ ಇಲ್ಲದ ಮನೆತನ. ಇವರಿಗೇನು ಉತ್ತರ ಕೊಡೋದು?"

ನಗಾರಿಯ ಕಿವಿ ಕೆಂಪಾಯಿತು. ಅರ್ಧ ಎದ್ದೇಬಿಟ್ಟರು. ಹಿಂದಿನ ಸಾಲುಗಳಲ್ಲಿ ಕುರ್ಚಿಗಳು ಕಿರುಗುಟ್ಟಿದವು. ಶಾಸಕಿ ಅವರ ತೋಳು ಹಿಡಿದಳು. ಪೆಪ್ಪರ್‌ಮಿಂಟ್ ಕಟಕ್ಕನೆ ಮುರಿದ ಸದ್ದು ಕೇಳಿತು. ಚಿಕ್ಕಪ್ಪ ಕೂತರು.

"ಮಹಡಿ ಹೇಳಿ," ಎಂದಳು ಶಾಸಕಿ, ಅದೇ ದನಿಯಲ್ಲಿ.

ಮಂತ್ರಿಗಳು ನೀರು ಕುಡಿದರು. ಯಾರೂ ಕೂಗಲಿಲ್ಲ. ಇನ್ನಷ್ಟು ಕುಡಿದರು. "ಲಿಫ್ಟ್ ಇಳಿಯೋಕೆ ಗುಂಡಿ ತೋಡಿದೆ," ಎಂದರು ಕೊನೆಗೆ. "ಲಿಫ್ಟ್ ಬಂದಿಲ್ಲ."

ಅವರದೇ ಪಕ್ಷದ ಸಾಲಿನಲ್ಲಿ ಯಾರೋ ಕಿಸಕ್ಕೆಂದರು. ನಗಾರಿ ಅಣ್ಣನ ಮಗಳತ್ತ ಬಾಗಿ ಪಿಸುಗುಟ್ಟಿದರು: "ಈಗಲಾದ್ರೂ ಕೂಗ್ಲೇನಮ್ಮಾ?"

"ತಡೀರಿ ಚಿಕ್ಕಪ್ಪ," ಎಂದು ಅವರ ಅಂಗೈಗೆ ಇನ್ನೊಂದು ಪೆಪ್ಪರ್‌ಮಿಂಟ್ ಇಟ್ಟಳು. "ಯಾವತ್ತು ಬರುತ್ತೆ ಅಂತ ಇನ್ನೂ ಹೇಳಿಲ್ಲ."